ನೇರಳೆ ನೀರು ಮತ್ತು ನನ್ನ ಹೊಟ್ಟೆಕಿಚ್ಚು

ಮೊದಲು ಗೊತ್ತಾಗಿದ್ದು ಬಟ್ಟೆ ಒಗೆಯುವಾಗ. ಒಳಬಟ್ಟೆಯಲ್ಲಿ ಹಸಿ ಮೀನಿನ ವಾಸನೆ. ನಮ್ಮ ಮನೆಯಲ್ಲಿ ಮೀನು ಮಾಡಿ ತಿಂಗಳ ಮೇಲಾಗಿತ್ತು.

ಮರುದಿನವೂ ಅದೇ. ತೆಳ್ಳಗೆ, ಬೂದು ಬಣ್ಣದ ಬಿಳಿಸೆರಗು ಹೋಗುತ್ತಿತ್ತು. ತುರಿಕೆ ಇಲ್ಲ, ನೋವಿಲ್ಲ. ವಾಸನೆ ಮಾತ್ರ.

ಐಮಂಗಲದ ಹತ್ತಿರ ನಮ್ಮೂರು. ನಮ್ಮ ಯಜಮಾನರಿಗೆ ಕುರಿ ಸಾಕುವುದೇ ಕೆಲಸ. ಸುಗ್ಗಿ ಮುಗಿದ ಮೇಲೆ, ಗೊಬ್ಬರಕ್ಕೆಂದು ಹೊಲದವರು ಕರೆದಲ್ಲೆಲ್ಲ ಮಂದೆ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಊರಾಚೆ ಇರುತ್ತಾರೆ. ಈ ಸಲ ಹೋದದ್ದು ಭರಮಸಾಗರದ ಕಡೆ. ವಾಪಸ್ಸು ಬಂದವರ ಬಾಯಲ್ಲಿ ಒಂದೇ ಹೆಸರು, ಆ ಹೊಲದ ಒಡತಿ ರತ್ನಮ್ಮ. ರತ್ನಮ್ಮನ ರೊಟ್ಟಿ ಹಾಳೆಯಷ್ಟು ತೆಳುವಂತೆ. ಗಂಡನಿಲ್ಲದಿದ್ದರೂ ಟ್ರ್ಯಾಕ್ಟರ್ ತಾನೇ ಓಡಿಸುತ್ತಾಳಂತೆ. ನಾನು ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡೆ. ಅವತ್ತಿನ ರೊಟ್ಟಿಯನ್ನು ಬೇಕೆಂದೇ ದಪ್ಪ ತಟ್ಟಿದೆ.

ಅವರು ಬಂದ ಕೆಲವೇ ದಿನಕ್ಕೆ ವಾಸನೆ ಶುರುವಾಗಿತ್ತು. ಇನ್ನೇನು ಯೋಚಿಸಲಿ?

ಇದು ಅವಳಿಂದಲೇ ಬಂದದ್ದು.

ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದವಳು ನಾನು. ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು? ಕುರಿಯ ಗೊರಸು ಕೊಳೆತು ನಾರತೊಡಗಿದರೆ ನಾವು ನೇರಳೆ ಬಣ್ಣದ ಪರ್ಮಾಂಗನೇಟ್ ಪುಡಿ ಕಲಸಿದ ನೀರಿನಲ್ಲಿ ಅದರ ಕಾಲು ತೊಳೆಯುತ್ತೇವೆ. ನಾಲ್ಕು ದಿನಕ್ಕೆ ವಾಸನೆ ಹೋಗುತ್ತದೆ. ಕುರಿಗೆ ಆಗುವುದು ನನಗೇಕೆ ಆಗಬಾರದು ಎಂದುಕೊಂಡು, ಬಚ್ಚಲ ಬಾಗಿಲು ಹಾಕಿ ಅದೇ ನೀರಿನಲ್ಲಿ ಒಳಗೆಲ್ಲ ತೊಳೆದುಕೊಂಡೆ. ಅದರ ಮೇಲೆ ಸೋಪು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ತೊಳೆಯುವಾಗಲೆಲ್ಲ ಬೈದದ್ದು ರತ್ನಮ್ಮನನ್ನು, ನಾನು ಮುಖವನ್ನೇ ನೋಡದ ಹೆಂಗಸನ್ನು.

ತೊಳೆದ ದಿನ ಕಡಿಮೆ ಅನಿಸುತ್ತಿತ್ತು. ಆಮೇಲೆ ಇನ್ನೂ ಜೋರು. ಕೊನೆಗೆ ಉರಿ ಶುರುವಾಯಿತು. ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು.

ಯಜಮಾನರು ಹತ್ತಿರ ಬಂದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದೆ. ಒಂದು ದಿನ ಅವರು ಹಾಸಿಗೆಯನ್ನು ಜಗಲಿಗೆ ಒಯ್ದರು. ನಾನು ತಡೆಯಲಿಲ್ಲ. ಮಲಗಲಿ, ಭರಮಸಾಗರದ ಕನಸು ಕಾಣಲಿ ಎಂದುಕೊಂಡೆ. ಬಸ್ಸಿನಲ್ಲಿ ಪಕ್ಕದವಳು ಮೂಗಿಗೆ ಸೆರಗು ಹಿಡಿದರೆ ನನ್ನಿಂದಲೇ ಅನಿಸುತ್ತಿತ್ತು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟೆ. ಹೂ ಮುಡಿದು, ಒತ್ತೊತ್ತಾಗಿ ಕೂತು ನಗುವ ಹೆಂಗಸರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇವರಿಗೆ ಯಾರಿಗೂ ಏನೂ ಆಗುವುದಿಲ್ಲವೇ, ನನಗೊಬ್ಬಳಿಗೇ ಯಾಕೆ?

ಉರಿ ತಡೆಯಲಾರದೆ ಹಿರಿಯೂರಿಗೆ ಹೋಗಿ ಲೇಡಿ ಡಾಕ್ಟರರನ್ನು ಕಂಡೆ.

"ಏನು ಹಾಕಿ ತೊಳ್ಕೊಳ್ತೀರಮ್ಮ?"

ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಕುರಿ ಕಾಲಿಗೆ ಹಾಕೋದನ್ನಾ?"

"ಮೇಡಂ, ಇದು ಗಂಡಸ್ರಿಂದ ಬರೋ ರೋಗ ಏನ್ರಿ? ನಮ್ಮೆಜಮಾನ್ರು ಹೊರಗಿದ್ದು ಬಂದಾರೆ. ನಿಜ ಹೇಳ್ಬಿಡ್ರಿ."

ಸ್ವಾಬ್ ತೆಗೆದು ಟೆಸ್ಟ್ ಮಾಡಿಸಿದರು. ರಿಪೋರ್ಟ್ ಬಂದ ಮೇಲೆ ಹೇಳಿದ ಹೆಸರು ಬ್ಯಾಕ್ಟೀರಿಯಲ್ ವೆಜಿನೋಸಿಸ್.

"ಹಾಲು ಮೊಸರಾಗೋಕೆ ಹೆಪ್ಪು ಬೇಕಲ್ಲ, ಅಂಥ ಒಳ್ಳೆ ಬ್ಯಾಕ್ಟೀರಿಯಾ ಅಲ್ಲೂ ಇರ್ತವೆ. ಅವು ಕಡಿಮೆಯಾಗಿ ಬೇರೆಯವು ಜಾಸ್ತಿಯಾದ್ರೆ ಈ ವಾಸನೆ. ಗಂಡ ಹೆಂಡ್ತಿ ಸೇರಿದಾಗ್ಲೂ ಏರುಪೇರಾಗಬಹುದು, ಅದಕ್ಕೆ ಇನ್ನೊಬ್ಬಳು ಬೇಕು ಅಂತೇನಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋ ಇನ್‌ಫೆಕ್ಷನ್‌ಗಳೂ ಅವೆ. ಅವನ್ನೂ ಟೆಸ್ಟ್ ಮಾಡ್ಸಿ ನೋಡಿದೀನಿ, ನಿಮಗಿಲ್ಲ. ನೀವು ತೊಳೆದೂ ತೊಳೆದೂ ಉಳಿದ ಒಳ್ಳೇವನ್ನೂ ಸಾಯಿಸಿದ್ರಿ. ಒಳಗನ್ನ ದೇಹವೇ ಕ್ಲೀನ್ ಮಾಡ್ಕೊಳ್ಳುತ್ತೆ. ಹೊರಗೆ ಬರೀ ನೀರು ಸಾಕು."

ಮಾತ್ರೆ ನುಂಗಿದ ವಾರವೆಲ್ಲ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೊದಲು ಉರಿ ಇಳಿಯಿತು, ಆಮೇಲೆ ವಾಸನೆ. ಮತ್ತೆ ಬರಬಹುದು, ಬಂದರೆ ನೀವೇ ಡಾಕ್ಟರಾಗದೆ ಇಲ್ಲಿಗೆ ಬನ್ನಿ ಎಂದಿದ್ದಾರೆ ಡಾಕ್ಟರು. ರತ್ನಮ್ಮನ ಮೇಲಿನ ಸಿಟ್ಟು ಮಾತ್ರ ಮಾತ್ರೆಗೆ ಬಗ್ಗಲಿಲ್ಲ. ನನ್ನ ಮೈಯಲ್ಲಿ ಅಂಟುರೋಗವಿಲ್ಲ ಎಂದು ರಿಪೋರ್ಟ್ ಹೇಳುತ್ತದೆ, ಯಜಮಾನರ ಮನಸ್ಸಲ್ಲಿ ಏನಿದೆ ಎಂದು ಹೇಳುವುದಿಲ್ಲವಲ್ಲ.

ಒಂದು ಸಂಜೆ ಜಗಲಿ ಮೇಲೆ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಅವರು ಬಿಟ್ಟ ಬಾಯಿ ಮುಚ್ಚದೆ ಕೇಳಿದರು.

"ಲೇ, ಇಷ್ಟು ದಿನ ಅದಕ್ಕೇನಾ ನನ್ನ ಹತ್ರಕ್ಕೆ ಸೇರಿಸ್ದೇ ಇದ್ದಿದ್ದು?"

"ಮತ್ತಿನ್ನೇನು ಅನ್ಕಂಡಿದ್ರಿ?"

ಅವರು ತಲೆ ತಗ್ಗಿಸಿದರು. "ಹಾಲಿನ ಡೈರಿ ಸೆಕ್ರೆಟರಿ ನಿನ್ ಕೂಡ ನಕ್ಕೋತ ಮಾತಾಡ್ತಾನಲ್ಲ. ನಾನು ಊರಾಗಿಲ್ದಾಗ ಏನಾರ ಐತೇನೋ ಅಂತ. ಇಲ್ಲಿ ಮಕ್ಕಂಡ್ರೂ ನಿದ್ದೇನೇ ಬರ್ತಿರ್ಲಿಲ್ಲ."

"ಆ ಹಲ್ಲುಸೆಟ್ಟಿನ ಮುದುಕನಾ!"

ಸಿಟ್ಟು ಬರಬೇಕಾಗಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು, ಹೇಳಲು ನಾಚಿಕೆಯಾದರೂ, ಖುಷಿ. ನಾನು ಯಾರಿಗೂ ಬೇಡವಾದೆ ಎಂದು ಅಳುತ್ತಿದ್ದ ದಿನಗಳಲ್ಲೆಲ್ಲ ಗೋಡೆಯ ಆಚೆ ಒಬ್ಬರು ನನಗಾಗಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು.