ಊರನ್ನು ಒರೆಸುತ್ತಿದ್ದ ದಿಯೋಲಿಂಡಾ

ದಿಯೋಲಿಂಡಾ ಮೆದೇರೊಸ್ ಮೂವತ್ತೊಂದು ವರ್ಷ ಹೊಟ್ಟೆಪಾಡಿಗೆ ಮಾಡಿದ ಕೆಲಸ ಒಂದೇ. ಟೊರಾಂಟೊ ಟೊರಾಂಟೊ ಅಲ್ಲವೆಂದು ಜಗತ್ತನ್ನು ನಂಬಿಸುವುದು. ನಮ್ಮೂರಿನಲ್ಲಿ ಸಿನಿಮಾದವರಿಗೇನೂ ಬರವಿಲ್ಲ. ಇವತ್ತು ಅವರ ಲಾರಿಗಳು ಈ ಬೀದಿಯಲ್ಲಿ ನಿಂತಿದ್ದರೆ ನಾಳೆ ಪಕ್ಕದ ಬೀದಿಯಲ್ಲಿ. ಆದರೆ ಪರದೆಯ ಮೇಲೆ ನೋಡಿ, ಅದು ನ್ಯೂಯಾರ್ಕ್ ಆಗಿರುತ್ತದೆ, ತಪ್ಪಿದರೆ ಶಿಕಾಗೊ. ಮದುವೆಮನೆಯ ಅಡುಗೆಯನ್ನೆಲ್ಲ ಮಾಡಿಕೊಟ್ಟು ಪಂಕ್ತಿಯಲ್ಲಿ ಎಲೆ ಸಿಗದವರ ಪಾಡು ನಮ್ಮೂರಿನದು.

ಚಿತ್ರೀಕರಣದ ದಿನ ನಸುಕಿಗೇ ದಿಯೋಲಿಂಡಾ ತನ್ನ ಆರು ಜನರೊಂದಿಗೆ ಬೀದಿಗೆ ಇಳಿಯುತ್ತಿದ್ದಳು. ಕೆಂಪು ಅಂಚೆಡಬ್ಬಿಗೆ ನೀಲಿ ತಗಡಿನ ಅಂಗಿ ತೊಡಿಸುವುದು, ಟ್ರಾಮ್ ನಿಲ್ದಾಣದ ಫಲಕ ಮರೆಮಾಡುವುದು, ಕಾರುಗಳ ನಂಬರ್ ಪ್ಲೇಟು ಬದಲಿಸುವುದು, ಕೆನಡಾದ ಮೇಪಲ್ ಎಲೆಯ ಬಾವುಟ ಕಂಡಲ್ಲಿ ಇಳಿಸುವುದು, ಡಬ್ಬ ಬಾಟಲಿಗಳ ಮೇಲೆ ಫ್ರೆಂಚ್ ಅಕ್ಷರವಿದ್ದರೆ ಗೋಡೆ ಕಡೆಗೆ ತಿರುಗಿಸಿಡುವುದು. ನಾಲ್ಕು ಗಂಟೆ ಕೊಟ್ಟರೆ ಸಾಕು, ಆ ಬೀದಿಯಲ್ಲೇ ಹುಟ್ಟಿದವನೂ ದಾರಿ ಕೇಳಬೇಕು. ಸಿನಿಮಾದವರು ಅವಳನ್ನು ಪ್ರೀತಿಯಿಂದ 'ರಬ್ಬರ್' ಎಂದು ಕರೆಯುತ್ತಿದ್ದರು. ಕಥೆ ಗಿಥೆ ಅವಳು ಓದಿದವಳಲ್ಲ. ಯಾವ ಬೀದಿ, ಯಾವ ಕಾಲ, ಹಗಲೋ ರಾತ್ರಿಯೋ, ಇಷ್ಟು ಗೊತ್ತಾದರೆ ಅವಳಿಗೆ ಬೇಕಾದಷ್ಟಾಯಿತು.

ಈ ಖ್ಯಾತಿಯನ್ನು ಕಂಡರೆ ಉರಿದು ಬೀಳುತ್ತಿದ್ದವರು ಒಬ್ಬರೇ, ಅವಳ ಹೆತ್ತ ತಾಯಿ. ದೋನಾ ಎರ್ಮೀನಿಯಾಗೆ ಎಂಬತ್ಮೂರು. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪದಿಂದ ಬಂದಂದಿನಿಂದ ಡಂಡಾಸ್ ಬೀದಿಯ ಬೀಗದ ಅಂಗಡಿಯ ಮೇಲಿನ ಮನೆಯಲ್ಲೇ ವಾಸ. ಮಗಳು ಕೆಲಸ ಮಾಡಿದ ಒಂದು ಸಿನಿಮಾವನ್ನೂ ಮುದುಕಿ ಬಿಟ್ಟಿಲ್ಲ. ಇಗರ್ಜಿಯ ಗೆಳತಿಯರನ್ನು ಕಟ್ಟಿಕೊಂಡು ಹೋಗುವುದು, ಎರಡು ಗಂಟೆ ಕಣ್ಣು ಕಿರಿದು ಮಾಡಿಕೊಂಡು ಹುಡುಕುವುದು, ಬರಿಗೈಯಲ್ಲಿ ವಾಪಸು ಬರುವುದು. ಬೇರೆಯವರ ಹೆಣ್ಣುಮಕ್ಕಳು ಕಟ್ಟಿದ ಮನೆ ತೋರಿಸುತ್ತಾರೆ, ಹೊಲಿದ ಉಡುಪು ತೋರಿಸುತ್ತಾರೆ. ಎರ್ಮೀನಿಯಾ ಏನನ್ನು ತೋರಿಸಬೇಕು? ಇಲ್ಲದ್ದನ್ನೇ? ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ, ಪರದೆಗೆ ಬೆರಳು ಮಾಡಿ 'ಇದು ನನ್ನ ಮಗಳು ಮಾಡಿದ್ದು' ಅನ್ನಬೇಕು ಎಂಬುದು ಆಕೆಯ ಆಸೆ. ಕಣ್ಣು ಮುಚ್ಚುವ ಮಾತನ್ನು ಅರವತ್ತು ತುಂಬಿದಾಗಿನಿಂದ ಆಡುತ್ತಿದ್ದರು, ಆ ಮಾತು ಬೇರೆ.

ಆ ವರ್ಷ ಫೆಬ್ರವರಿಯಲ್ಲಿ ಬೀದಿ ಅಲಂಕಾರದ ಇನ್ನೊಬ್ಬ ಮೇಸ್ತ್ರಿ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡ. ಚಿತ್ರೀಕರಣಕ್ಕೆ ಮೂರು ದಿನ ಇದೆ ಅನ್ನುವಾಗ ಅವನ ಬದಲಿಗೆ ದಿಯೋಲಿಂಡಾಳಿಗೆ ಕರೆ ಬಂತು. ಡಂಡಾಸ್ ಬೀದಿ, ಚಳಿಗಾಲ, ಹಗಲು. ಅಮ್ಮನ ಮನೆಯಿರುವ ಮೂಲೆಯೇ. ಅವಳೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕೇಳುವ ಪ್ರಸಂಗವಾದರೂ ಎಲ್ಲಿ ಬಂದಿತ್ತು?

ಅವಳಿಗೆ ಗೊತ್ತಿಲ್ಲದ್ದು ಇಷ್ಟು. ಅದು ಡೆಸ್ಮಂಡ್ ಕ್ವಾನ್ ಎಂಬ ನಮ್ಮದೇ ಕೇರಿಯವನು ಬರೆದು ಬಿಡಿಸಿದ ಕಾಮಿಕ್ಸ್ ಪುಸ್ತಕದ ಸಿನಿಮಾ. ಡೋನಟ್ ಅಂಗಡಿಯಲ್ಲಿ ಕೂತು ಎಂಟು ವರ್ಷ ಗೀಚಿದ್ದ. ಸೈಕಲ್ಲಿನಲ್ಲಿ ಪಾರ್ಸೆಲ್ ಹಂಚುವ ಹುಡುಗಿಯೊಬ್ಬಳನ್ನು ಪ್ರತಿ ಮೂಲೆಯಲ್ಲೂ ಒಬ್ಬ ಎದುರಾಳಿ ಅಡ್ಡಗಟ್ಟುತ್ತಾನೆ. ಎಲ್ಲ ವಿಡಿಯೊ ಗೇಮಿನ ಲೆಕ್ಕಾಚಾರ. ಗುದ್ದಿದರೆ ಗಾಳಿಯಲ್ಲಿ ಅಂಕ ಏಳುತ್ತದೆ, ಸೋತವನು ಢಮಾರೆಂದು ಸಿಡಿದು ಚಿಲ್ಲರೆ ಕಾಸಾಗಿ ಉದುರುತ್ತಾನೆ, ಹುಡುಗಿಯ ತಲೆಯ ಮೇಲೆ ಉಳಿದ ಪ್ರಾಣಗಳು ಕೆಂಪು ಹೃದಯಗಳಾಗಿ ತೇಲುತ್ತವೆ. ಇಷ್ಟೆಲ್ಲ ಹುಚ್ಚಾಟ ನಡೆಯುವುದು ಟೊರಾಂಟೊದಲ್ಲಿ, ಟೊರಾಂಟೊ ಎಂಬ ಹೆಸರಿನಲ್ಲೇ. ನಿರ್ದೇಶಕಿ ಫಿಯೋನಾ ರಸ್ಕ್ ಅದಕ್ಕಾಗಿ ಹಣ ಹಾಕಿದ ದೊಡ್ಡವರೊಡನೆ ಒಂದು ವರ್ಷ ಗುದ್ದಾಡಿದ್ದಳು.

ಎರ್ಮೀನಿಯಾಗೆ ಮಾತ್ರ ಇದು ಗೊತ್ತಿತ್ತು. ಚಿತ್ರೀಕರಣಕ್ಕೆ ಮೊದಲು ಬೀದಿಯ ಮನೆಮನೆಗೂ ಯಾವ ಸಿನಿಮಾ, ಯಾವ ಊರಿನ ಕಥೆ ಎಂದು ತಿಳಿಸುವ ಒಂದು ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ಮುದುಕಿ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ್ದರು. ಮಗಳಿಗೂ ಗೊತ್ತಿರುತ್ತದೆ ಎಂದು ಸುಮ್ಮನಿದ್ದರು. ಆ ಬೆಳಿಗ್ಗೆಗಾಗಿ ಕೂದಲು ಸುರುಳಿ ಮಾಡಿಸಿಕೊಂಡು, ಗೆಳತಿಯರಿಗೆಲ್ಲ ಕಾಫಿಗೆ ಹೇಳಿದ್ದರು.

ಅಂದು ದಿಯೋಲಿಂಡಾ ಒಳ್ಳೆಯ ಹುರುಪಿನಲ್ಲಿದ್ದಳು. ಅಂಚೆಡಬ್ಬಿ ನೀಲಿಯಾಯಿತು, ಟ್ರಾಮ್ ಫಲಕ ಮಾಯವಾಯಿತು, ಪೋರ್ಚುಗೀಸ್ ಬೇಕರಿಯ ಮೇಲೆ ಇಟಲಿಯ ಪಿಜ್ಜಾ ಅಂಗಡಿಯ ಬೋರ್ಡು ಏರಿತು. ಉಳಿದದ್ದು ಮೂಲೆಯ ಕರೆಂಟು ಕಂಬ. ನಮ್ಮ ಮರದ ಕಂಬಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮರ ಕಾಣುವುದಿಲ್ಲ. ಬೀದಿಯವರು ಹಚ್ಚಿದ ಇಪ್ಪತ್ತು ವರ್ಷದ ಜಾಹೀರಾತು ಚೀಟಿಗಳು ಒಂದರ ಮೇಲೊಂದು, ಅವನ್ನು ಕಚ್ಚಿ ಹಿಡಿದ ಸಾವಿರಾರು ಸ್ಟೇಪಲ್ ಪಿನ್ನುಗಳು. ನ್ಯೂಯಾರ್ಕಿನ ಕಂಬ ಲೋಹದ್ದು. ಹಾಗಾಗಿ ಅವಳು ಚೀಟಿಯನ್ನೆಲ್ಲ ಕಿತ್ತು, ಪಿನ್ನು ಹೆರೆದು, ಕಂಬಕ್ಕೆ ಬೂದು ತಗಡು ಸುತ್ತಿದಳು. ಕಿತ್ತ ಕಾಗದ ಮೂರು ಚೀಲ ತುಂಬಿತು. ಏಳಕ್ಕೆ ಕಸದ ಲಾರಿ ಬಂದು ಅದನ್ನು ಒಯ್ದೂ ಬಿಟ್ಟಿತು.

ಎಂಟಕ್ಕೆ ಡೆಸ್ಮಂಡ್ ಕ್ವಾನ್ ತನ್ನ ಪುಸ್ತಕ ಹಿಡಿದುಕೊಂಡು ಬಂದ. ಮೂಲೆ ದಾಟಿ ಹೋದ. ಮತ್ತೆ ತಿರುಗಿ ಬಂದ. ಕೊನೆಗೆ ಏಣಿಯ ಮೇಲಿದ್ದ ಕಾರ್ಲೈಲ್‌ನನ್ನು, ಅವನು ದಿಯೋಲಿಂಡಾಳ ಬಲಗೈ, ಟ್ರಿನಿಡಾಡಿನವನು, ಡಂಡಾಸ್ ಬೀದಿ ಎಲ್ಲಿ ಬರುತ್ತದೆ ಎಂದು ವಿಚಾರಿಸಿದ.

"ಅದು ಹಿಂದೇನೇ ಉಳೀತು ಗುರುವೇ. ನೀವೀಗ ನ್ಯೂಯಾರ್ಕಲ್ಲಿದೀರ," ಎಂದ ಕಾರ್ಲೈಲ್ ಹೆಮ್ಮೆಯಿಂದ.

ಡೆಸ್ಮಂಡ್ ಅಲ್ಲೇ ಹಿಮದ ದಿಬ್ಬದ ಮೇಲೆ ಕುಸಿದು ಕೂತ. ಏಣಿಯ ಬುಡಕ್ಕೆ ಬಂದ ದಿಯೋಲಿಂಡಾ ಅವನ ತೊಡೆಯ ಮೇಲೆ ತೆರೆದಿದ್ದ ಪುಸ್ತಕ ನೋಡಿದಳು. ಪುಟದಲ್ಲಿ ಅದೇ ಮೂಲೆ, ಅದೇ ಬೇಕರಿ, ಕೆಂಪು ಅಂಚೆಡಬ್ಬಿ, ಚೀಟಿ ತುಂಬಿದ ಕಂಬ. ಮೇಲೆ ದಪ್ಪಕ್ಷರದಲ್ಲಿ ಟೊರಾಂಟೊ ಎಂದು ಬರೆದಿತ್ತು.

ಅಷ್ಟು ಹೊತ್ತಿಗೆ ಮೇಲಿನ ಮನೆಯಿಂದ ಎರ್ಮೀನಿಯಾ ಇಳಿದು ಬಂದರು. ಹಿಂದೆ ಐದು ಜನ ಗೆಳತಿಯರು, ಎಲ್ಲರೂ ಭಾನುವಾರದ ಕೋಟಿನಲ್ಲಿ. ಮುದುಕಿ ಬೀದಿಯ ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ಮತ್ತೆ ಒರೆಸಿ ಹಾಕಿದ್ಯಾ? ಅದೂ ನನ್ನ ಮನೆ ಬಾಗಿಲಲ್ಲೇ?"

ಗಟ್ಟಿಯಾಗಿ ಬೈದಿದ್ದರೆ ದಿಯೋಲಿಂಡಾ ತಡೆದುಕೊಳ್ಳುತ್ತಿದ್ದಳೇನೋ. ಮುದುಕಿ ಮೆಲ್ಲಗೆ ಹೇಳಿದರು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಫಿಯೋನಾ ರಸ್ಕ್ ಕೂಗಾಡುವವಳಲ್ಲ. ಗಡಿಯಾರ ನೋಡಿ ಇದ್ದದ್ದನ್ನು ಹೇಳಿದಳು. ಸಾರಿಗೆಯವರು ಟ್ರಾಮ್ ಕೊಟ್ಟಿರುವುದು ಮಧ್ಯಾಹ್ನ ಹನ್ನೆರಡರವರೆಗೆ. ಇವತ್ತು ತಪ್ಪಿದರೆ ಈ ದೃಶ್ಯವನ್ನು ಬೇರೆ ಊರಿನ ಸ್ಟುಡಿಯೊದಲ್ಲಿ ಕಂಪ್ಯೂಟರಿನಿಂದ ಮಾಡಿಕೊಳ್ಳುತ್ತಾರೆ, ಡಂಡಾಸ್ ಬೀದಿ ಸಿನಿಮಾದಲ್ಲಿ ಇರುವುದಿಲ್ಲ.

ದಿಯೋಲಿಂಡಾ ಕೈಗವಸು ಏರಿಸಿದಳು. ಕಟ್ಟಿದ್ದನ್ನು ಬಿಚ್ಚುವುದು ಅವಳ ತಂಡಕ್ಕೆ ನೀರು ಕುಡಿದಷ್ಟು ಸುಲಭ. ಹತ್ತೂ ಕಾಲಿಗೆಲ್ಲ ಬೇಕರಿ ಬೇಕರಿಯಾಯಿತು, ಅಂಚೆಡಬ್ಬಿ ಕೆಂಪಾಯಿತು. ಆದರೆ ತಗಡು ಬಿಚ್ಚಿದಾಗ ಕಂಬ ಚಳಿಗೆ ಅಂಗಿ ಬಿಚ್ಚಿ ನಿಂತವನಂತೆ ಬೋಳಾಗಿ ನಿಂತಿತು. ಅದೇ ಕಂಬದ ಬುಡದಲ್ಲಿ, ಒಂದೇ ಹೃದಯ ಉಳಿದಿರುವಾಗ ಸಿನಿಮಾದ ಸೈಕಲ್ ಹುಡುಗಿ ಬೀಳಬೇಕು. ಬಿದ್ದಲ್ಲಿಂದಲೇ ಕೈ ಚಾಚಿ ಯಾವುದೋ ಚೀಟಿಯ ತುದಿಯಲ್ಲಿ, ಬೇಕಾದವರು ಹರಿದುಕೊಳ್ಳಲೆಂದು ಫೋನ್ ನಂಬರ್ ಬರೆದು ಕತ್ತರಿಸಿಟ್ಟ ಕಾಗದದ ಪಟ್ಟಿಯೊಂದನ್ನು ಹರಿದುಕೊಳ್ಳಬೇಕು, ಟಿಂಗ್ ಎಂದು ಸದ್ದಾಗಿ ಇನ್ನೊಂದು ಪ್ರಾಣ ಸಿಗಬೇಕು.

ನಿರ್ಮಾಪಕರ ಕಡೆಯವನೊಬ್ಬ ಸುಳ್ಳು ಚೀಟಿ ಮುದ್ರಿಸಿ ತರಿಸೋಣವೆಂದ. ಸಿನಿಮಾದ ಸುಳ್ಳು ಫೋನ್ ನಂಬರುಗಳೆಲ್ಲ ಐನೂರ ಐವತ್ತೈದರಿಂದ ಶುರುವಾಗುತ್ತವೆ, ಅದು ಈ ಊರಿನ ಮಕ್ಕಳಿಗೂ ಗೊತ್ತು.

"ಆಗಲ್ಲ," ಎಂದಳು ದಿಯೋಲಿಂಡಾ. "ನಾನು ಕಿತ್ತಿದ್ದು ನಿಜವಾದ ಚೀಟಿಗಳು. ನಿಜವಾದ್ದೇ ಹಾಕ್ತೀನಿ."

ಕಂಬದ ಮುಂದೆ ನಿಂತು ಕಣ್ಣು ಮುಚ್ಚಿದಳು. ಒರೆಸುವವಳಿಗೆ ಒರೆಸುವ ಮೊದಲು ನೋಡಲೇಬೇಕಲ್ಲ! ಊರಿನ ಒಂದೊಂದು ಗುರುತನ್ನೂ ಅವಳಷ್ಟು ಕಣ್ಣಿಟ್ಟು ನೋಡಿದವರು ಬೇರೆ ಯಾರಿದ್ದರು? ಎಡಕ್ಕೆ ಪಿಯಾನೊ ಪಾಠ, ಹದಿನೇಳನೇ ನಂಬರಿನ ಮನೆಯಾಕೆ. ಅದರ ಕೆಳಗೆ ಕಳೆದುಹೋದ ಬೂದು ಬೆಕ್ಕು. ಪಕ್ಕಕ್ಕೆ ನೆಲಮಾಳಿಗೆ ಬಾಡಿಗೆಗಿದೆ, ಸಿಗರೇಟು ಸೇದುವವರು ಬೇಡ. ಮೇಲೆ ಡ್ರಮ್ ಬಾರಿಸುವವರು ಬೇಕಾಗಿದ್ದಾರೆ. ಅವಳು ಹೇಳುತ್ತ ಹೋದಳು, ಡೆಸ್ಮಂಡ್ ಬರೆದುಕೊಳ್ಳುತ್ತ ಹೋದ. ಇಗರ್ಜಿಯ ಆ ಐದು ಹೆಂಗಸರಿಗೆ ಬೀದಿಯಲ್ಲಿ ಯಾವ ಚೀಟಿ ಯಾರದೆಂದು ಗೊತ್ತಿಲ್ಲದೆ ಇರುತ್ತದೆಯೇ? ಮನೆಮನೆಯ ಬಾಗಿಲು ತಟ್ಟಿ ಜನರನ್ನು ಹೊರಡಿಸಿಕೊಂಡು ಬಂದರು. ಎರ್ಮೀನಿಯಾರ ಅಡುಗೆಮನೆ ಕಚೇರಿಯಾಯಿತು. ಒಂದು ಕಡೆ ಹೊಸ ಚೀಟಿ ಬರೆಯುವವರು, ಇನ್ನೊಂದು ಕಡೆ ಸಿನಿಮಾದಲ್ಲಿ ತೋರಿಸಲು ಒಪ್ಪಿಗೆಯ ಫಾರಂಗೆ ಸಹಿ ಹಾಕುವವರು, ನಡುವೆ ಕಾಫಿ. ಬೆಕ್ಕಿನ ಯಜಮಾನ ಮಾತ್ರ, ಬೆಕ್ಕು ಹೋದ ವಾರವೇ ಮನೆಗೆ ಬಂತು, ಸುಳ್ಳು ಹೇಗೆ ಬರೆಯಲಿ ಎಂದು ಹಠ ಹಿಡಿದ. ಹಾಗಾದರೆ ಬೆಕ್ಕು ಸಿಕ್ಕಿದೆ ಎಂದೇ ಬರಿ ಎಂದರು ಹೆಂಗಸರು.

ಎರ್ಮೀನಿಯಾ ತಾವೂ ಒಂದು ಚೀಟಿ ಬರೆದರು. ಬರೆಯುವಾಗ ಕೈ ಅಡ್ಡ ಇಟ್ಟುಕೊಂಡರು, ಯಾರಿಗೂ ತೋರಿಸಲಿಲ್ಲ. ಕತ್ತರಿಯಿಂದ ತುದಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪ್ರತಿ ಪಟ್ಟಿಯಲ್ಲೂ ಮನೆಯ ಫೋನ್ ನಂಬರ್ ಬರೆದು, ಬಿದ್ದ ಹುಡುಗಿಯ ಕೈಗೆ ಎಟುಕುವಷ್ಟು ಕೆಳಗೆ, ಸೊಂಟ ಹಿಡಿದುಕೊಂಡು ಬಾಗಿ ತಾವೇ ಪಿನ್ನು ಹೊಡೆದರು. ದಿಯೋಲಿಂಡಾ ಆಗ ಕಂಬದ ಇನ್ನೊಂದು ಬದಿಯಲ್ಲಿ ಪಿಯಾನೊ ಪಾಠದ ಚೀಟಿಯನ್ನು ಸೊಟ್ಟ ಮಾಡುತ್ತಿದ್ದಳು, ನೆಟ್ಟಗಿದ್ದರೆ ಯಾರೂ ನಂಬುವುದಿಲ್ಲವೆಂದು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಟ್ರಾಮ್ ಗಂಟೆ ಬಾರಿಸುತ್ತ ಬಂತು, ಹುಡುಗಿ ಬಿದ್ದಳು, ಕೈ ಚಾಚಿದಳು, ಹರಿದಳು. ಒಂದೇ ಸಲಕ್ಕೆ ಮುಗಿಯಿತು. ದಿಯೋಲಿಂಡಾ ಇನ್ನೊಂದು ಬೀದಿಗೆ ಹೊರಟು ಹೋದಳು. ಅಮ್ಮ ಊಟಕ್ಕೆ ಕರೆದದ್ದಕ್ಕೆ ಇನ್ನೊಂದು ದಿನ ಎಂದಳು.

ಸಿನಿಮಾ ಮುಂದಿನ ಆಗಸ್ಟಿನಲ್ಲಿ ಬಂತು. ಬೇರೆ ಊರುಗಳಲ್ಲಿ ಮಕಾಡೆ ಮಲಗಿತು. ನಮ್ಮೂರಿನಲ್ಲಿ ಮೊದಲ ದಿನವೇ ಜಾತ್ರೆ. ಟ್ರಾಮ್ ಕಂಡರೆ ಶಿಳ್ಳೆ, ಬೇಕರಿ ಕಂಡರೆ ಚಪ್ಪಾಳೆ, ಕಸದ ತೊಟ್ಟಿಗೂ ಚಪ್ಪಾಳೆ. ಎರ್ಮೀನಿಯಾ ಮೂರನೇ ಸಾಲಿನಲ್ಲಿ ಗೆಳತಿಯರ ನಡುವೆ ಕೂತಿದ್ದರು, ಪಕ್ಕದಲ್ಲಿ ದಿಯೋಲಿಂಡಾ. ಹುಡುಗಿ ಕಂಬದ ಬುಡಕ್ಕೆ ಬಿದ್ದಳು. ಅವಳ ಕೈ ಪಟ್ಟಿಯ ಕಡೆಗೆ ಚಾಚಿದಂತೆ ಚೀಟಿ ಪರದೆ ತುಂಬ ದೊಡ್ಡದಾಗಿ ನಿಂತಿತು, ಮುದುಕಿಯ ನಡುಗುವ ಅಕ್ಷರಗಳಲ್ಲಿ.

'ಕಳೆದುಹೋಗಿದ್ದಾಳೆ. ಮಗಳು. ಹೆಸರು ದಿಯೋಲಿಂಡಾ, ವಯಸ್ಸು ಐವತ್ತಾರು, ಕೈಯೆಲ್ಲ ಪೇಂಟು. ಊರೆಲ್ಲ ಸುತ್ತುತ್ತಾಳೆ, ಮನೆಗೆ ಬರುವುದಿಲ್ಲ. ಸಿಕ್ಕವರು ಭಾನುವಾರ ಒಂದು ಗಂಟೆಗೆ ಕಳಿಸಿಕೊಡಿ. ಸೂಪು ಬಿಸಿ ಇರುತ್ತದೆ.'

ಟಿಂಗ್ ಎಂದಿತು. ಹುಡುಗಿಗೆ ಇನ್ನೊಂದು ಪ್ರಾಣ ಬಂತು. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಎರ್ಮೀನಿಯಾ ಎದ್ದು ನಿಂತು ಪರದೆಗೆ ಬೆರಳು ಮಾಡಿ, ಆ ಕಂಬ ನನ್ನ ಮಗಳು ಮಾಡಿದ್ದು ಎಂದು ಹಿಂದಿನ ಸಾಲುಗಳಿಗೆಲ್ಲ ಸಾರಿದರು. ದಿಯೋಲಿಂಡಾ ನಕ್ಕಳು, ನಗುತ್ತಲೇ ಅತ್ತಳು. ನಾಚಿಕೆಯೂ ಆಯಿತು. ಅಮ್ಮನ ಮನೆಯಿಂದ ಅವಳ ಮನೆಗೆ ಟ್ರಾಮಿನಲ್ಲಿ ಇಪ್ಪತ್ತೇ ನಿಮಿಷದ ದಾರಿ.

ಚಿತ್ರಮಂದಿರದಲ್ಲಿ ಸೋತ ಸಿನಿಮಾ ಮನೆಮನೆಯ ಟೀವಿಗಳಲ್ಲಿ ಗೆದ್ದಿತು. ಹುಡುಗರು ಅದನ್ನು ನಿಲ್ಲಿಸಿ ನಿಲ್ಲಿಸಿ, ಮೂಲೆ ಮೂಲೆ ಹುಡುಕಿ ನೋಡತೊಡಗಿದರು. ನೋಡಿದವರಿಗೆ ನಂಬರ್ ಸಿಕ್ಕಿತು. ನಿಜವಾದ ನಂಬರ್! ಫೋನುಗಳು ಶುರುವಾದವು. ವಿನಿಪೆಗ್‌ನಿಂದ, ಗ್ಲಾಸ್ಗೊದಿಂದ, ಬ್ರೆಜಿಲ್‌ನಿಂದ. ಎಲ್ಲರ ಪ್ರಶ್ನೆಯೂ ಒಂದೇ, ಮಗಳು ಸಿಕ್ಕಳೇ ಎಂದು. ಎರ್ಮೀನಿಯಾ ಯಾರನ್ನೂ ಹತ್ತು ನಿಮಿಷಕ್ಕೆ ಮೊದಲು ಬಿಡುತ್ತಿರಲಿಲ್ಲ.

ಒಂದು ಭಾನುವಾರ ಒಂದೂವರೆಗೆ ಫೋನು ಬಂತು. ಮುದುಕಿ ಎತ್ತಿಕೊಂಡು ಉಸಿರು ಬಿಟ್ಟರು. "ಎಲ್ಲಿ ಮಗಾ, ಇನ್ನೂ ಸಿಕ್ಕಿಲ್ಲ."

"ಅಮ್ಮಾ, ಎದುರಿಗೇ ಕೂತು ಉಣ್ತಾ ಇದೀನಲ್ಲ," ಎಂದಳು ದಿಯೋಲಿಂಡಾ.

ಮುದುಕಿ ಫೋನಿನ ಬಾಯಿಗೆ ಅಂಗೈ ಮುಚ್ಚಿದರು. "ಸುಮ್ನಿರೇ. ಸಿಕ್ಕಿದಾಳೆ ಅಂದ್ರೆ ಹುಡುಕೋದು ಬಿಟ್ಬಿಡ್ತಾರೆ. ಆಮೇಲೆ ನೀನು ಬರ್ದೇ ಹೋದ್ರೆ?"

ದಿಯೋಲಿಂಡಾ ಚಮಚ ಕೆಳಗಿಟ್ಟು ಅಮ್ಮನ ಕೈಯಿಂದ ಫೋನು ಇಸಿದುಕೊಂಡಳು.

"ಸಿಕ್ಕಿದಾಳೆ," ಎಂದಳು ಆ ಕಡೆಯ ಅಪರಿಚಿತನಿಗೆ. "ಮುಂದಿನ ಭಾನುವಾರಾನೂ ಇಲ್ಲೇ ಇರ್ತಾಳೆ. ಬೇಕಾದ್ರೆ ಫೋನ್ ಮಾಡಿ ನೋಡಿ."