ಕೊರ್ಲಿಮ್‌ನಲ್ಲಿ ಕುಣಿದ ವಾಲ್ವ್

ಬೆಳಗಾವಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಬಳಿ ಉಪಕರಣಗಳ ಒಂದು ಚೀಲವಿತ್ತು, ನಮ್ಮ ಅತ್ತೆಯ ಬಳಿ ಮೂರು. ನಾನು ಹೊರಟಿದ್ದು ಕಾರ್ಖಾನೆಗೆ, ಗೋವಾದಲ್ಲಿದ್ದರೂ ಅಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಹೇಳಿ ನೋಡಿದ್ದೆ. "ಹಂಗಾರ ನೀ ಯಾಕ ಹೊಂಟಿ?" ಎಂದು ಕೇಳಿ ಅವರು ಕಿಟಕಿಯ ಪಕ್ಕ ಕುಳಿತುಬಿಟ್ಟರು.

ನಮ್ಮ ಕಂಪನಿ ಆಕ್ಚುಯೇಟರ್ ಮಾರುತ್ತದೆ. ಪೈಪಿನ ವಾಲ್ವನ್ನು ಕೈಯಿಂದ ತಿರುಗಿಸುವ ಬದಲು, ಅದರ ತಲೆಯ ಮೇಲೆ ಕುಳಿತು ತಿರುಗಿಸುವ ಮೋಟಾರು ಅದು. ಕೊರ್ಲಿಮ್‌ನ ಒಂದು ಟೊಮೆಟೊ ಸಾಸ್ ಕಾರ್ಖಾನೆಯಲ್ಲಿ ಉಗಿಯ ಪೈಪಿನ ಆಕ್ಚುಯೇಟರು ಹೇಳದೆ ಕೇಳದೆ ವಾಲ್ವನ್ನು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸಾಸು ಸೀದುಹೋಗಿತ್ತು. ಇನ್ನೊಮ್ಮೆ ಸೀದರೆ ನಿಮ್ಮ ಯಂತ್ರಗಳನ್ನೆಲ್ಲ ಕಿತ್ತು ವಾಪಸ್ ಕಳಿಸುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರಿಂದ ನಮ್ಮ ಸಾಹೇಬರು ನನ್ನನ್ನು ಓಡಿಸಿದ್ದರು.

ಚೋರ್ಲಾ ಘಟ್ಟದ ತುಂಬ ಮಂಜು. ಅತ್ತೆ ಕಣ್ಣು ಮುಚ್ಚಿ ತಿರುವಿಗೊಂದು ದೇವರ ಹೆಸರು ಹೇಳತೊಡಗಿದರು. ದೇವರು ಮುಗಿದರೂ ಘಟ್ಟ ಮುಗಿಯಲಿಲ್ಲ. ಸಾಖಳಿಯಲ್ಲಿ ಇಳಿದು ಭಾಜಿ ಪಾವ್ ತಿಂದು, ವಾಳಪೈ ಕಡೆಯಿಂದ ತುಂಬಿಕೊಂಡು ಬಂದ, ಕೊರ್ಲಿಮ್ ಮೇಲೆ ಹೋಗುವ ಖಾಸಗಿ ಬಸ್ಸಿಗೆ ತೂರಿಕೊಂಡೆವು. "ಫುಡೆಂ ವಚ್ ಗೋ, ಫುಡೆಂ ವಚ್!" ಎಂದು ಕಂಡಕ್ಟರ್ ಕೂಗಿದ. ಅತ್ತೆ ಗಾಬರಿಯಾಗಿ ಚೀಲ ಅವುಚಿಕೊಂಡರು.

"ಪುಡಿ ಐತಿ ಅಂತ ಇವಂಗ ಹೆಂಗ ಗೊತ್ತಾತು?"

ಚೀಲದಲ್ಲಿದ್ದದ್ದು ಶೇಂಗಾ ಚಟ್ನಿಪುಡಿ. ಅವನು ಹೇಳಿದ್ದು ಕೊಂಕಣಿಯಲ್ಲಿ, ಮುಂದೆ ಹೋಗು ಎಂದರ್ಥ ಎಂದೆ. ಮುಂದೆ ಹೋದರು, ಆದರೆ ಚೀಲ ಬಿಡಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಇಬ್ಬರಿಗೂ ಹೆಲ್ಮೆಟ್ ಕೊಟ್ಟರು. ಅತ್ತೆಯ ತುರುಬಿನ ಮೇಲೆ ಅದು ಕೂರಲಿಲ್ಲ, ತೇಲಿತು. ಯಂತ್ರಗಳ ಉಸ್ತುವಾರಿ ನೋಡುವ ನಾಯಕ್ ಸಾಹೇಬರು ಕಾರವಾರದವರು. ಅತ್ತೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನಿಮ್ಮಿಬ್ಬರಲ್ಲಿ ಇಂಜಿನಿಯರ್ ಯಾರ್ರೀ?" ಎಂದರು. ನಾನು ಕೈ ಎತ್ತಿದೆ. ಅತ್ತೆಯನ್ನು ಕ್ಯಾಂಟೀನಿಗೆ ಕಳಿಸಿದರು. ಅಲ್ಲಿ ಅಡುಗೆ ಮಾಡುವ ರೇಣವ್ವ ವಿಜಯಪುರದ ಕಡೆಯವಳು, ಈಗ ಅಲ್ಲೇ ಹತ್ತಿರದ ಚಿಂಬಲ್‌ನಲ್ಲಿ ಮನೆ. "ಯಾವೂರ್ರೀ ಅವ್ವಾರ?" ಎಂಬ ಅವಳ ದನಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ನನ್ನನ್ನು ಮರೆತರು.

ಆಕ್ಚುಯೇಟರಿಗೆ ನಾಲ್ಕು ಮಿಲಿಆಂಪ್ ಕರೆಂಟು ಕೊಟ್ಟರೆ ವಾಲ್ವ್ ಪೂರ್ತಿ ಮುಚ್ಚಬೇಕು, ಇಪ್ಪತ್ತು ಕೊಟ್ಟರೆ ಪೂರ್ತಿ ತೆರೆಯಬೇಕು, ಹನ್ನೆರಡಕ್ಕೆ ಸರಿಯಾಗಿ ಅರ್ಧ. ಕಾರ್ಖಾನೆಯ ತಂತಿ ಬಿಚ್ಚಿ ನನ್ನ ಮೀಟರಿನಿಂದ ಕೊಟ್ಟು ನೋಡಿದೆ. ಕೂದಲೆಳೆಯಷ್ಟು ತಪ್ಪಿತ್ತು, ತಿದ್ದಿದೆ. ತಂತಿ ಮತ್ತೆ ಜೋಡಿಸಿ ಎದೆಯುಬ್ಬಿಸಿ, "ನೋಡ್ರಿ ಸರ್" ಎಂದೆ. ವಾಲ್ವ್ ಎಷ್ಟು ತೆರೆದಿದೆ ಎಂದು ತೋರಿಸುವ ಮುಳ್ಳು ಅರ್ಧದಲ್ಲಿ ನಿಂತಿತು. ನಾಯಕ್ ನಕ್ಕರು. ಅಷ್ಟರಲ್ಲಿ ಮೋಟಾರು ಗುಂಯ್ ಎಂದು ವಾಲ್ವ್ ಮುಕ್ಕಾಲಿಗೆ ಹಾರಿ, ಕಾಲಿಗೆ ಇಳಿದು, ಮತ್ತೆ ಹಾರಿತು.

"ಇದೇ ರೀ ನಿಮ್ಮ ಕಂಪನಿ ಕುಣಿತ," ಎಂದರು ನಾಯಕ್.

ಮತ್ತೆ ತಂತಿ ಬಿಚ್ಚಿದೆ. ಸರಿ. ಜೋಡಿಸಿದೆ. ಸರಿ. ಮೀಟರು ಚೀಲಕ್ಕೆ ಹಾಕಿದೆನೋ ಇಲ್ಲವೋ, ಕುಣಿತ! ಕಡಾಯಿಯಲ್ಲಿ ಟೊಮೆಟೊ ಕಾಯುತ್ತಿತ್ತು. ನಾಯಕ್ ಯಾರಿಗೋ ಫೋನಿನಲ್ಲಿ, "ಹೊಸ ಕಂಪನಿ ನೋಡಿಡಿ" ಎನ್ನುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ. ಆಗ ಗೋಡೆಯಾಚೆಯಿಂದ ಘರ್‍ರ್ ಎಂಬ ಸದ್ದು ಬಂತು. ವಾಲ್ವ್ ಕುಣಿಯಿತು. ಸದ್ದು ನಿಂತಿತು. ವಾಲ್ವೂ ನಿಂತಿತು.

ಓಡಿದೆ. ಕ್ಯಾಂಟೀನಿನಲ್ಲಿ ಅತ್ತೆ ಹೆಲ್ಮೆಟ್ ಸಮೇತ ಸೆರಗು ಸಿಕ್ಕಿಸಿ, ಒಂದು ದೈತ್ಯ ಮಿಕ್ಸರಿನ ಮುಚ್ಚಳ ಒತ್ತಿಕೊಂಡು ನಿಂತಿದ್ದರು.

"ನಿಲ್ಲಸ್ರಿ ಅತ್ತಿ!"

"ಇನ್ನೂ ಸಣ್ಣಾಗಿಲ್ಲ ತಡಿ. ಇಕಿಗೆ ಶೇಂಗಾ ಚಟ್ನಿ ಮಾಡೂದು ಕಲಿಸಾಕತ್ತೇನಿ."

"ಈ ಮಿಕ್ಸರ್ ಯಾವಾಗ ಬಂತು?" ಎಂದು ರೇಣವ್ವನನ್ನು ಕೇಳಿದೆ.

"ಹೋದ ತಿಂಗಳ ರೀ. ಭಾಳ ಚಲೋ ಐತ್ರಿ," ಎಂದಳು.

ವಾಲ್ವಿನ ರೋಗ ಶುರುವಾದದ್ದೂ ಹೋದ ತಿಂಗಳೇ. ನಾಯಕರನ್ನು ಆಕ್ಚುಯೇಟರಿನ ಬಳಿ ನಿಲ್ಲಿಸಿದೆ. "ಹಚ್ಚ್ರಿ ಅತ್ತಿ!" ಎಂದೆ. "ಕುಣೀತು!" ಎಂದು ಆಚೆಯಿಂದ ಕೂಗು. "ಬಂದ್ ಮಾಡ್ರಿ!" "ನಿಂತಿತು!" ಮಿಕ್ಸರಿಗೆ ಎಳೆದ ಹೊಸ ವೈರನ್ನು ಆಕ್ಚುಯೇಟರಿನ ಸೂಕ್ಷ್ಮ ತಂತಿಯ ಜೊತೆಗೇ ಒಂದೇ ಕೊಳವೆಯಲ್ಲಿ ತುರುಕಿದ್ದರು. ಸಾಲದ್ದಕ್ಕೆ ಆ ತಂತಿಯ ಲೋಹದ ಹೊದಿಕೆಗೆ ಅರ್ಥಿಂಗೇ ಇರಲಿಲ್ಲ. ಮಿಕ್ಸರಿನ ಗದ್ದಲವೆಲ್ಲ ವಾಲ್ವಿಗೆ ಅಪ್ಪಣೆಯಂತೆ ಕೇಳುತ್ತಿತ್ತು.

ಎರಡನ್ನೂ ಬೇರೆ ಮಾಡಿ ಅರ್ಥಿಂಗ್ ಕೊಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಪರೀಕ್ಷೆಗಾಗಿ ಅತ್ತೆ ರೇಣವ್ವನ ಡಬ್ಬಿಯ ಶೇಂಗಾ ಖಾಲಿಯಾಗುವವರೆಗೂ ರುಬ್ಬಿದರು. ಮುಳ್ಳು ಅಲ್ಲಾಡಲಿಲ್ಲ. ಸಾಸು ಸೀಯದೆ ಕುದಿಯಿತು. ನಾಯಕ್ ಹೊಸ ಕಂಪನಿಯ ಮಾತು ಬಿಟ್ಟು, ಪಾವಿಗೆ ಚಟ್ನಿ ಹಚ್ಚಿಕೊಂಡು ತಿಂದರು.

ಸಂಜೆ ಪಣಜಿಯಿಂದ ಬೆಳಗಾವಿ ಬಸ್ಸು ಸಿಕ್ಕಿತು. ಮಾಂಡವಿಯ ಸೇತುವೆ ದಾಟುವಾಗ ಅತ್ತೆ ತಂಗಿಗೆ ಫೋನ್ ಹಚ್ಚಿದರು.

"ಹೂಂ ಅವ್ವಾ, ಗೋವಾಕ್ಕ ಬಂದಿದ್ದೆ. ಇಲ್ಲೆ ಒಂದು ಫ್ಯಾಕ್ಟರ್‍ಯಾಗ ಮಷಿನ್ ಕೆಟ್ಟಿತ್ತು. ನಾ ಮಿಕ್ಸರ್ ಹಚ್ಚಿದ ಮ್ಯಾಲ ಗೊತ್ತಾತು ನೋಡು, ಎಲ್ಲಿ ಕೆಟ್ಟೈತಿ ಅಂತ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಅತ್ತೆ ನನ್ನ ಕಡೆ ತಿರುಗಿ ನೋಡಿ, ದನಿ ತಗ್ಗಿಸದೆಯೇ ಉತ್ತರಿಸಿದರು:

"ಸೊಸಿನಾ? ಅಕಿನೂ ಬಂದಾಳ, ನನ್ನ ಜೋಡಿ."