ಅತ್ತೆಯ ಲ್ಯಾಪ್‌ಟಾಪು ‘ಬತ್ತೀನಿ’ ಅಂದದ್ದು

ಜೂನ್ ಎಂಟು, ಭಾನುವಾರ. ಬೆಳಿಗ್ಗೆ ಏಳೂಕಾಲು. ಮಂಡ್ಯ.

ಬರೆಯಬೇಕೆಂದು ಎದ್ದವನಲ್ಲ. ನಮ್ಮ ಮನೆಯ ಗೇಟು ಎಷ್ಟೋ ವರ್ಷದಿಂದ ಕಿರುಗುಟ್ಟುತ್ತಿತ್ತು. ಹಾಲಿನವರು ಬಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇವತ್ತು ಎದ್ದವನೇ ಹೊಲಿಗೆ ಮಿಷಿನ್ನಿಗೆ ಬಿಡುವ ಎಣ್ಣೆಯ ಪುಟ್ಟ ಡಬ್ಬಿ ಹುಡುಕಿ ಗೇಟಿನ ಕೀಲುಗಳಿಗೆ ಬಿಟ್ಟೆ. ಗೇಟು ಸುಮ್ಮನಾಯಿತು. ಬೆರಳಿಗೆ ಅಂಟಿದ ಎಣ್ಣೆಯ ವಾಸನೆ ಮಾತ್ರ ಸುಮ್ಮನಾಗಲಿಲ್ಲ. ನಿಮಗಾದರೆ ಆ ವಾಸನೆಗೆ ಹೊಲಿಗೆ ಮಿಷಿನ್ನು ನೆನಪಾಗುತ್ತದೆ. ನನಗೆ ನೆನಪಾಗುವುದು ಲ್ಯಾಪ್‌ಟಾಪು.

ಅದಕ್ಕೆ ಕಾರಣ ಮದ್ದೂರಿನ ಜಯಮ್ಮತ್ತೆ, ನಮ್ಮಪ್ಪನ ಅಕ್ಕ. ರವಿಕೆ ಹೊಲಿಯುವುದರಲ್ಲಿ ಅವರ ಬೀದಿಗೆ ಅವರೇ ಎತ್ತಿದ ಕೈ. ನಾನು ಹೊಸ ಲ್ಯಾಪ್‌ಟಾಪು ಕೊಂಡಾಗ ಹಳೆಯದನ್ನು ಅವರಿಗೆ ಕೊಟ್ಟೆ. ಅತ್ತೆ ಅದಕ್ಕೆ ಜಾಗ ಮಾಡಿದ್ದು ಹೊಲಿಗೆ ಮಿಷಿನ್ನಿನ ಹಲಗೆಯ ಮೇಲೆ. “ಇಲ್ಲಿ ಕೂತ್ರೇನೇ ನನ್ ಬೆನ್ನು ನೆಟ್ಟಗಿರೋದು ಕಣ್ಲಾ” ಎನ್ನುತ್ತಿದ್ದರು. ಪರದೆಯ ಮೇಲೆ ಪಾಠ ಓದುತ್ತಿರುವಾಗಲೂ ಅವರ ಕಾಲು ಕೆಳಗೆ ಮೆಟ್ಟುಹಲಗೆಯನ್ನು ತುಳಿಯುತ್ತಿತ್ತು. ಕಷ್ಟದ ಪುಟ ಬಂದರೆ ತುಳಿತ ಜೋರಾಗುತ್ತಿತ್ತು. ಹೀಗಾಗಿ ಲ್ಯಾಪ್‌ಟಾಪಿನ ಕೀಲಿಮಣೆಗೂ ಅದೇ ಎಣ್ಣೆಯ ವಾಸನೆ.

ಪಾಠ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಹುಡುಗಿಯಾಗಿದ್ದಾಗ ಅತ್ತೆ ಹಲಗೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದವರು. ಮುಂದಕ್ಕೆ ಓದುವ ಆಸೆಗೆ ಮದುವೆ ಅಡ್ಡ ಬಂತು. ಐವತ್ತು ದಾಟಿದ ಮೇಲೆ ಒಂದು ದಿನ ಯಾರನ್ನೂ ಕೇಳದೆ ದೂರಶಿಕ್ಷಣದ ಕನ್ನಡ ಎಂ.ಎ.ಗೆ ಸೇರಿಕೊಂಡರು. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ಆರಿಸಿಕೊಂಡ ವಿಷಯ, ಮದುವೆ ಮನೆಯಲ್ಲಿ ಬೀಗರನ್ನು ಹಂಗಿಸುವ ಹಾಡುಗಳು. ಹಂಗಿಸುವ ವಿದ್ಯೆ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅತ್ತೆಗೆ ಇನ್ನೊಂದು ಗುಣ ಇದೆ, ಅದನ್ನೂ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಹೊರಟರೆ ಹೋಗುವುದಿಲ್ಲ. ನಮ್ಮ ಮನೆಗೆ ಬಂದು ಹೊರಡುವಾಗ ಜಗಲಿಯಲ್ಲಿ ನಿಂತು “ಬತ್ತೀನಿ” ಎನ್ನುತ್ತಾರೆ. ಅಮ್ಮ “ಹೂಂ, ಹೋಗ್ಬನ್ನಿ ಅತ್ತಿಗೆ” ಎನ್ನುತ್ತಾರೆ. ಆಗ ಯಾರದೋ ಸೊಸೆಯ ವಿಷಯ ನೆನಪಾಗುತ್ತದೆ. ಅದು ಮುಗಿದರೆ ಮೆಟ್ಟಿಲ ಮೇಲೆ ಇನ್ನೊಂದು “ಬತ್ತೀನಿ”. ಗೇಟಿನ ಹತ್ತಿರ ಮತ್ತೊಂದು. ಚಪ್ಪಲಿ ಕಾಲಲ್ಲಿ, ಚೀಲ ಹೆಗಲಲ್ಲಿ, ಮಾತು ಮಾತ್ರ ನಡುಮನೆಯಲ್ಲಿ. ನಾನು ಹುಡುಗನಾಗಿದ್ದಾಗ ಗಡಿಯಾರ ಹಿಡಿದು ಒಂದು ಸಲ ಅಳೆದಿದ್ದೆ, ಎಷ್ಟಾಯಿತೆಂದು ಹೇಳಿದರೆ ನೀವು ನಂಬುವುದಿಲ್ಲ.

ಅದೇ ನಾನು ಅವರ ಮನೆಯಿಂದ ಹೊರಡುವಾಗ ಬಾಯಿ ತಪ್ಪಿ “ಹೋಗ್ತೀನಿ ಅತ್ತೆ” ಎಂದರೆ ಮುಗಿಯಿತು.

“ಓಯ್ತೀನಿ ಅಂತಾರೇನ್ಲಾ ಯಾರಾದ್ರೂ? ಬತ್ತೀನಿ ಅನ್ನು. ಪೂರ್ತಿ ಓಗೋರು ಬೇರೆ ಇರ್ತಾರೆ.”

ಸರಿ, ಈಗ ಲ್ಯಾಪ್‌ಟಾಪಿನ ಕಾಯಿಲೆಗೆ ಬರೋಣ.

ಕಿರುಪ್ರಬಂಧ ಮುಗಿದು ಮೌಖಿಕ ಪರೀಕ್ಷೆ ಉಳಿದಿತ್ತು. ಅದು ಆನ್‌ಲೈನ್. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಕೂರಬೇಕು, ತಾವು ಮಾಡಿದ ಸ್ಲೈಡುಗಳನ್ನು ಪರದೆಯಲ್ಲಿ ತೋರಿಸಬೇಕು, ಆದ್ದರಿಂದ ಮೊಬೈಲು ಸಾಲದು. ತಪ್ಪಿದರೆ ಮುಂದಿನ ವರ್ಷದ ತಂಡದ ಜೊತೆ. ಪರೀಕ್ಷೆಯ ದಿನ ತಿಳಿಸುವ ಪತ್ರ ಬಂದ ವಾರದಲ್ಲೇ ಲ್ಯಾಪ್‌ಟಾಪು ಬೆಳಿಗ್ಗೆ ಏಳಲಾರೆ ಎನ್ನತೊಡಗಿತು. ಗುಂಡಿ ಒತ್ತಿದರೆ ಕಂಪನಿಯ ಗುರುತು ಬರುತ್ತದೆ, ಅದರ ಕೆಳಗೆ ಬಿಳಿ ಚುಕ್ಕಿಗಳು ಉಂಗುರದಂತೆ ಸುತ್ತುತ್ತವೆ, ನಾಲ್ಕು ಸುತ್ತು ಸುತ್ತಿ ನಿಂತುಬಿಡುತ್ತವೆ. ಮೌಸ್ ಎಂಬ ಇಲಿ ಆಡಿಸಿದರೂ ಇಲ್ಲ, ಕೀಲಿ ಒತ್ತಿದರೂ ಇಲ್ಲ. ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಿದರೆ ಕೆಲವು ದಿನ ಏಳುತ್ತದೆ. ಕೆಲವು ದಿನ ‘ದುರಸ್ತಿಗೆ ಸಿದ್ಧತೆ ನಡೆದಿದೆ’ ಎಂದು ಹೇಳಿ ಮಧ್ಯಾಹ್ನದ ಮುದ್ದೆ ತಿರುವುವ ಹೊತ್ತಿನವರೆಗೆ ಸಿದ್ಧತೆಯನ್ನೇ ನಡೆಸುತ್ತದೆ.

“ಮರ್ವಾದೆಯಿಂದ ಮುಚ್ಚಿ ಮಲಗಿಸ್ದೆ ಕಣ್ಲಾ ರಾತ್ರಿ” ಎಂದರು ಅತ್ತೆ ಫೋನಿನಲ್ಲಿ. “ಬೆಳಗ್ಗೆ ನಿಮ್ಮಾವನಂಗೆ ಕಣ್ಣು ಬುಟ್ಕೊಂಡು ಕೂತದೆ. ಮಾತಿಲ್ಲ ಕತೆಯಿಲ್ಲ.”

ಮಾವ ನಿವೃತ್ತ ಲೈನ್‌ಮ್ಯಾನು. ಜೀವಮಾನವೆಲ್ಲ ಕಂಬ ಹತ್ತಿ ಇಳಿದವರು. ಅವರ ಪ್ರಕಾರ ಲೋಕದಲ್ಲಿರುವ ಕಾಯಿಲೆ ಒಂದೇ. ಹಿಂದಿನಿಂದ ಅವರ ದನಿ ಕೇಳಿಸಿತು. “ಲೂಸ್ ಕನೆಕ್ಷನ್ ಅದು.”

ನಾನು ಕ್ರಮಬದ್ಧ ಮನುಷ್ಯ. ಹಾಗೆಂದು ನಾನೇ ಅಂದುಕೊಂಡಿದ್ದೆ. ದಿನಚರಿ ಬರೆಯುತ್ತೇನೆ, ಏನಾದರೂ ಕೆಟ್ಟರೆ ಗೆರೆ ಎಳೆದು ಪಟ್ಟಿ ಮಾಡುತ್ತೇನೆ. ಲ್ಯಾಪ್‌ಟಾಪಿಗೂ ಮಾಡಿದೆ. ತಾರೀಕು, ಎದ್ದಿತೇ ಇಲ್ಲವೇ, ಚಾರ್ಜರ್ ಹಾಕಿತ್ತೇ, ಇಲಿ ಸಿಕ್ಕಿಸಿತ್ತೇ, ಮಳೆ ಇತ್ತೇ, ಹಿಂದಿನ ದಿನ ಕರೆಂಟು ಹೋಗಿತ್ತೇ. ಅತ್ತೆ ದಿನಾ ಬೆಳಿಗ್ಗೆ ಫೋನು ಮಾಡಿ ವರದಿ ಕೊಡುತ್ತಿದ್ದರು. ‘ರಾಹುಕಾಲ’ ಎಂಬ ಕಾಲಮ್ಮೊಂದನ್ನು ಅವರೇ ಒತ್ತಾಯದಿಂದ ಸೇರಿಸಿದರು. ಪಟ್ಟಿ ನೋಡಲು ಬಹಳ ಚೆನ್ನಾಗಿತ್ತು. ಅದರಿಂದ ಏನೂ ತಿಳಿಯುತ್ತಿರಲಿಲ್ಲ, ಅಷ್ಟೆ.

ಒಂದು ಶನಿವಾರ ಹೋಗಿ ಲ್ಯಾಪ್‌ಟಾಪನ್ನು ಮಂಡ್ಯಕ್ಕೇ ತಂದೆ. ಮನೆಯಲ್ಲಿ ಕೂತು, ಗುಂಡಿ ಒತ್ತಿ ಹಿಡಿದು ಹೇಗೋ ಎಬ್ಬಿಸಿ, ರೀಸ್ಟಾರ್ಟ್ ಒತ್ತಿದೆ. ಎದ್ದಿತು. ಮತ್ತೆ ಒತ್ತಿದೆ. ಎದ್ದಿತು. ಕಾಫಿ ಕುಡಿದು ಮತ್ತೆ ಒತ್ತಿದೆ. ಹೊಸ ಎತ್ತಿನಂತೆ ಎದ್ದಿತು. ಪೇಟೆ ಬೀದಿಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನೂ ನನ್ನ ಹಾಗೇ ರೀಸ್ಟಾರ್ಟ್ ಒತ್ತಿ ನೋಡಿ, “ಏನೂ ಆಗಿಲ್ವಲ್ಲ ಸಾರ್. ಬೇಕಾದ್ರೆ ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ” ಎಂದ. ಅಳಿಸುವ ಮಾತಿಗೆ ನಾನು ಹೆದರಿ ಲ್ಯಾಪ್‌ಟಾಪು ಎದೆಗವಚಿಕೊಂಡು ಬಂದೆ. ಮರುದಿನ ಮದ್ದೂರಿಗೆ ಕೊಟ್ಟು ಬಂದರೆ ಸೋಮವಾರ ಬೆಳಿಗ್ಗೆ ಫೋನು.

“ನೀನು ಅದೆಂಥ ರಿಪೇರಿ ಮಾಡ್ದ್ಯೋ ಕಾಣೆ. ಚುಕ್ಕಿ ಈಗ ಎರಡೇ ಸುತ್ತಿಗೆ ನಿಂತ್ಕತದೆ.”

ಅತ್ತೆ ನಗುತ್ತಲೇ ಹೇಳಿದರು. ಆದರೆ ಆಮೇಲೆ ದನಿ ತಗ್ಗಿಸಿ, “ಈ ಸಲ ತಪ್ಪೋದ್ರೆ ಮತ್ತೆ ಓದಾಕಿಲ್ಲ ಕಣ್ಲಾ ನಾನು. ಇನ್ನೊಂದ್ ವರ್ಸ ಅಂದ್ರೆ ಮನಸ್ಸು ಒಪ್ಪಾಕಿಲ್ಲ” ಎಂದರು. ಒಂದೂ ‘ಬತ್ತೀನಿ’ ಹೇಳದೆ ಅತ್ತೆ ಫೋನಿಟ್ಟದ್ದು ಅದೇ ಮೊದಲು. ಕೊಟ್ಟ ಲ್ಯಾಪ್‌ಟಾಪು ನನ್ನದು. ಆ ಮಾತು ಇಡೀ ದಿನ ನನ್ನ ಕಿವಿಯಲ್ಲಿತ್ತು.

ರಾತ್ರಿಯೆಲ್ಲ ಹಚ್ಚಿಯೇ ಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಮಾವ ಮಲಗುವ ಮುಂಚೆ ಮೈನ್ ಸ್ವಿಚ್ಚು ಇಳಿಸದೆ ಮಲಗುವವರಲ್ಲ. ಫ್ರಿಜ್ಜಿಗೇ ಅವರ ಮನೆಯಲ್ಲಿ ರಿಯಾಯಿತಿ ಇರಲಿಲ್ಲ.

ಮೌಖಿಕ ಪರೀಕ್ಷೆಗೆ ಇನ್ನೊಂದು ವಾರ ಇತ್ತು. ಸಂಜೆ ಕೆಲಸ ಮುಗಿಸಿ ಮದ್ದೂರಿಗೆ ಹೋದೆ. ಅತ್ತೆ ಉಪ್ಪಿಟ್ಟು ಕೊಟ್ಟರು. (ಮದ್ದೂರು ಎಂದರೆ ವಡೆ ಎನ್ನುವವರಿಗೆ ಒಂದು ಮಾತು: ಅತ್ತೆಯ ಮನೆಯಲ್ಲಿ ನಾನು ಇದುವರೆಗೆ ವಡೆ ಕಂಡಿಲ್ಲ.) ಮತ್ತೆ ರೀಸ್ಟಾರ್ಟ್ ಒತ್ತಿದೆ, ಮತ್ತೆ ಎದ್ದಿತು, ಮತ್ತೆ ಪಟ್ಟಿಗೆ ಬರೆದೆ. ರೈಲಿಗೆ ಹೊತ್ತಾಯಿತೆಂದು ಎದ್ದಾಗ ಅತ್ತೆ, “ತಾಳು, ಇದನ್ನ ಮಲಗಿಸಿ ಬತ್ತೀನಿ” ಎಂದು ಕೂತು, ಇಲಿಯ ಬಾಣವನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ ಶಟ್ ಡೌನ್ ಒತ್ತಿದರು. ನಾನು ರೀಸ್ಟಾರ್ಟ್‌ನ ಪಕ್ಕದಲ್ಲೇ ಇದ್ದ ಆ ಮಾತನ್ನು ಕಾಯಿಲೆ ಹುಡುಕುವಾಗ ಒಮ್ಮೆಯೂ ಒತ್ತಿರಲಿಲ್ಲ.

ಬಾಗಿಲಲ್ಲಿ ಅವಸರಕ್ಕೆ “ಹೋಗ್ತೀನಿ ಅತ್ತೆ” ಎಂದೆ. ಬೈಗುಳ ಬಿತ್ತು. ತಿದ್ದಿಕೊಂಡು “ಬತ್ತೀನಿ” ಎಂದೆ. ಮಾತು ಹೊಸದಾಗಿ ಶುರುವಾಯಿತು. ರೈಲು ತಪ್ಪಿತು.

ಮುಂದಿನ ರೈಲಿಗೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಾಯುತ್ತಾ ಮೊಬೈಲಿನಲ್ಲಿ ಹುಡುಕಿದೆ. ಈ ಸಲ ಹುಡುಕಿದ್ದು ‘ಏಕೆ ಏಳುವುದಿಲ್ಲ’ ಎಂದಲ್ಲ, ‘ಶಟ್ ಡೌನ್‌ಗೂ ರೀಸ್ಟಾರ್ಟ್‌ಗೂ ಏನು ವ್ಯತ್ಯಾಸ’ ಎಂದು. ಯಾವನೋ ಪುಣ್ಯಾತ್ಮ ಬಿಡಿಸಿ ಬರೆದಿದ್ದ. ಶಟ್ ಡೌನ್ ಎಂದರೆ ಈಗಿನ ಯಂತ್ರಗಳು ಪೂರ್ತಿ ಆರುವುದಿಲ್ಲವಂತೆ. ನಾವು ತೆರೆದಿಟ್ಟದ್ದನ್ನೆಲ್ಲ ಮುಚ್ಚುತ್ತವೆ, ಆದರೆ ತಮ್ಮ ಒಳಗಿನ ಸ್ಥಿತಿಯನ್ನು ಹಾಗೇ ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಕಣ್ಣು ಮುಚ್ಚುತ್ತವೆ. ಬೆಳಿಗ್ಗೆ ಅದನ್ನೇ ಓದಿಕೊಂಡು ಎದ್ದರೆ ಬೇಗ ಆಗುತ್ತದೆಂಬ ಲೆಕ್ಕ. ವಿದ್ಯುತ್ ನಿರ್ವಹಣೆಯ ಆಯ್ಕೆಗಳಲ್ಲಿ ಅದರ ಹೆಸರು ಫಾಸ್ಟ್ ಸ್ಟಾರ್ಟಪ್. ಕೆಲವು ಹಳೆಯ ಯಂತ್ರಗಳಲ್ಲಿ ಒಳಗಿನ ಯಾವುದೋ ಒಂದು ಭಾಗ ಹೀಗೆ ನಿನ್ನೆಯ ನೆನಪಿನಲ್ಲಿ ಏಳಲಾರದೆ ಮಂಕಾಗಿ ಕೂರುತ್ತದೆ, ಅದರ ಜೊತೆ ಎಲ್ಲವೂ ನಿಲ್ಲುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಹೋಗಿ, ಪೂರ್ತಿ ಬರುತ್ತದೆ.

ಓದಿ ನಾನು ಬೆಂಚಿನ ಮೇಲೆ ಒಬ್ಬನೇ ನಕ್ಕೆ. ಪಕ್ಕದಲ್ಲಿದ್ದವರು ಚೀಲ ಎತ್ತಿಕೊಂಡು ಸ್ವಲ್ಪ ಆಚೆ ಸರಿದರು. ಜಗಲಿಯಲ್ಲಿ ನಿಂತು “ಬತ್ತೀನಿ” ಎಂದು ಹೇಳಿ ಹೋಗದೆ ಇರುವುದನ್ನು ಲ್ಯಾಪ್‌ಟಾಪು ಯಾರಿಂದ ಕಲಿಯಿತು? ನನ್ನ ಪಟ್ಟಿಯನ್ನು ತೆಗೆದು ನೋಡಿದೆ. ಅದು ಎದ್ದದ್ದನ್ನೆಲ್ಲ ಬರೆದಿದ್ದೆ. ಹೇಗೆ ಮಲಗಿತೆಂದು ಒಂದು ದಿನವೂ ಬರೆದಿರಲಿಲ್ಲ. ರಾಹುಕಾಲಕ್ಕೆ ಕಾಲಮ್ಮು ಇತ್ತು, ಇದಕ್ಕೆ ಇರಲಿಲ್ಲ.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ರಜೆ ಹಾಕಿ ಮದ್ದೂರಿಗೆ ಹೋದೆ. ಆಯ್ಕೆಗಳ ಪುಟ ತೆಗೆದು, ಫಾಸ್ಟ್ ಸ್ಟಾರ್ಟಪ್‌ನ ಮುಂದಿದ್ದ ಗುರುತಿನ ಮೇಲೆ ಬಾಣ ಇಟ್ಟು, ಜಾಣತನ ತೋರಿಸಲು ಹೋಗಿ ಹೇಳಿದೆ. “ಅತ್ತೆ, ಇದು ದಿನಾ ರಾತ್ರಿ ‘ಬತ್ತೀನಿ’ ಅಂತ ಹೇಳಿ ಬಾಗಿಲಲ್ಲೇ ನಿಂತ್ಕೊಳ್ತಾ ಇದೆ. ಇನ್ಮೇಲೆ ‘ಹೋಗ್ತೀನಿ’ ಅನ್ನೋ ಹಾಗೆ ಮಾಡ್ತೀನಿ.”

ಅತ್ತೆ ನನ್ನ ಕೈಯಿಂದ ಇಲಿ ಕಿತ್ತುಕೊಂಡರು.

“ಮುಟ್ಬುಟ್ಟೀಯ! ನಾಳೆ ಒಳ್ಳೆ ಕೆಲ್ಸಕ್ಕೆ ಕೂರೋಳು ನಾನು. ಇವತ್ತು ಮನೇಲಿ ‘ಓಯ್ತೀನಿ’ ಅನ್ನುಸ್ತೀಯೇನ್ಲಾ?”

“ಅದು ಮಿಷಿನ್ನು ಅತ್ತೆ.”

“ಆಯುಧಪೂಜೇಲಿ ಅದ್ಕೆ ಕುಂಕುಮ ಇಟ್ಟಾಗ ನೀನೂ ಕೈ ಮುಗುದೆ. ಅವತ್ತು ಮಿಷಿನ್ನು ಅನ್ನಲಿಲ್ಲ?”

ಎಷ್ಟು ಹೇಳಿದರೂ ಇಲಿ ಬಿಡಲಿಲ್ಲ. ನಾನು ಒಂದು ಮಾತಿನ ಜಂಬಕ್ಕೆ ಅತ್ತೆಯ ಎರಡು ವರ್ಷದ ಓದನ್ನು ಅಡವಿಟ್ಟೆನಲ್ಲ ಎಂದು ಬೆವರಿದೆ. ಆಗ ಪೇಪರು ಓದುತ್ತಿದ್ದ ಮಾವ ಕನ್ನಡಕ ತೆಗೆದರು. ಅವರು ಲೂಸ್ ಕನೆಕ್ಷನ್ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ.

“ಪೂರ್ತಿ ಆಫ್ ಆಗಿರೋ ಲೈನ್ಗೆ ಕೈ ಇಡಬೌದು. ಆನ್ ಆಗಿರೋದನ್ನ ಯಾವನೂ ಮುಟ್ಟಾಕಿಲ್ಲ. ಈ ಅರ್ಧಂಬರ್ಧ ಆಫ್ ಆಗಿರ್ತದಲ್ಲ, ಅದೇ ಕಣಮ್ಮಿ ಆಸಾಮಿನ ಇಡ್ಕೊಳ್ಳೋದು. ಮಾಡ್ಲಿ ಬುಡು.”

ಅತ್ತೆ ಯೋಚಿಸಿದರು. ಕಾಲು ಮೆಟ್ಟುಹಲಗೆ ತುಳಿಯಿತು. “ಮಾಡು. ಅದು ಏನಾರ ಅನ್ಕೊಂಡು ಓಗ್ಲಿ. ನಾನು ಮಾತ್ರ ಓಗ್ಬಾ ಅಂತ್ಲೇ ಕಳುಸ್ತೀನಿ.”

ಗುರುತು ತೆಗೆದೆ. ಸಂಜೆ ಅತ್ತೆ ಶಟ್ ಡೌನ್ ಒತ್ತಿ, ಪರದೆ ಕಪ್ಪಾಗುವವರೆಗೆ ಕಾದು, ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದರು. “ಓಗ್ಬಾರಪ್ಪ. ಬೆಳಗ್ಗೆ ಬಿರ್ನೆ ಬಾ.” ಬೇಗ ಬರುವುದನ್ನೇ ನಾನು ಆಗಷ್ಟೆ ತೆಗೆದುಹಾಕಿದ್ದೆ. ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು ಮಿಷಿನ್ನಿನ ಮುಂದೆ ಕೂತರು. ಮಾವ ಮೈನ್ ಸ್ವಿಚ್ಚಿನ ಪಕ್ಕ ಕಾವಲು ನಿಂತರು. ಅತ್ತೆ ಗುಂಡಿ ಒತ್ತಿದರು. ಕಂಪನಿಯ ಗುರುತು ಬಂತು. ಚುಕ್ಕಿಗಳು ಸುತ್ತಿದವು. ನಾಲ್ಕನೆಯ ಸುತ್ತು ದಾಟಿದವು. ಸುತ್ತುತ್ತಲೇ ಇದ್ದವು. ಮೊದಲಿಗಿಂತ ನಿಧಾನ, ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು ಬರುವವರ ನಿಧಾನ. ಕೆಳಗೆ ಮೆಟ್ಟುಹಲಗೆ ಒಂದೇ ಸಮನೆ ಓಡುತ್ತಿತ್ತು. ಆಮೇಲೆ ಪರದೆ ಬೆಳಗಿತು.

“ಬಂತು ಕಣ್ಲಾ! ಓಗಿತ್ತು, ಬಂತು!”

“ಕನೆಕ್ಷನ್ ಸರಿ ಓಯ್ತು ಅನ್ನು” ಎಂದರು ಮಾವ.

ಮೌಖಿಕ ಪರೀಕ್ಷೆಯ ವಿವರ ಬೇಡ. ಪಕ್ಕದ ಕೋಣೆಯಿಂದ ನಮಗೆ ಕೇಳಿಸಿದ್ದು ಪ್ರಶ್ನೆಗಿಂತ ಉತ್ತರ ಹೆಚ್ಚು. ಒಂದೆರಡು ಕಡೆ ಅತ್ತೆ ಹಾಡಿಯೇ ತೋರಿಸಿದರು. ಬೀಗರನ್ನು ಹಂಗಿಸುವ ಸಾಲು ಬಂದಾಗ ಪರೀಕ್ಷಕರು ನಕ್ಕದ್ದು ಕೇಳಿ ಮಾವ ನನ್ನ ತೊಡೆ ಜಿಗುಟಿದರು. ಕೊನೆಗೆ ಪರೀಕ್ಷಕರು, “ಆಯ್ತಮ್ಮ, ಬಹಳ ಸಂತೋಷ. ನೀವಿನ್ನು ಹೊರಡಬಹುದು” ಎಂದರು.

“ಬತ್ತೀನಿ ಸಾರ್” ಎಂದರು ಅತ್ತೆ.

ಹೊರಡಲಿಲ್ಲ. ಹೊರಡುವ ಗುಂಡಿ ಎಲ್ಲಿದೆಯೆಂದು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಟ್ಟಿದ್ದರೂ ಒತ್ತುತ್ತಿರಲಿಲ್ಲವೇನೋ.

“ಸಾರ್, ನಿಮ್ದು ಯಾವ್ ಕಡೆ?”

“ನಮ್ಮ ತಾಯಿ ಊರು ಬಸರಾಳು ಅಮ್ಮ.”

“ಅಯ್ಯೋ! ನಮ್ ಚಿಕ್ಕಮ್ಮನ್ನ ಅಲ್ಗೇ ಕೊಟ್ಟಿರೋದು!”

ಮುಂದಿನ ಅಭ್ಯರ್ಥಿ ಎಷ್ಟು ಹೊತ್ತು ಕಾದರೋ ಪಾಪ. ಅತ್ತೆ ಪ್ರಥಮ ದರ್ಜೆಯಲ್ಲಿ ಪಾಸಾದರು. ಪ್ರಮಾಣಪತ್ರ ಮಿಷಿನ್ನಿನ ಮೇಲಿನ ಗೋಡೆಯಲ್ಲಿದೆ.

ನನ್ನ ಪಟ್ಟಿಗಳಿಗೆ ಅಂದಿನಿಂದ ಒಂದು ಕಾಲಮ್ಮು ಹೆಚ್ಚಾಗಿದೆ: ‘ಹಿಂದಿನ ರಾತ್ರಿ ಹೇಗೆ ಮಲಗಿತು?’ ಲ್ಯಾಪ್‌ಟಾಪಿಗೆ ಮಾತ್ರವಲ್ಲ, ಯಾರಾದರೂ ಬೆಳಿಗ್ಗೆ ಸಿಡುಕಿದರೆ ಮನಸ್ಸಿನಲ್ಲೇ ಆ ಕಾಲಮ್ಮು ತುಂಬಿ ನೋಡುತ್ತೇನೆ. ನನ್ನ ಯಂತ್ರವನ್ನು ಮುಚ್ಚುವಾಗ, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ‘ಹೋಗಿ ಬಾ’ ಎನ್ನುತ್ತೇನೆ.

ಇವತ್ತು ಅತ್ತೆ ಮಂಡ್ಯಕ್ಕೆ ಬರುವ ದಿನ. ಗೇಟಿಗೆ ಎಣ್ಣೆ ಬಿಟ್ಟು ತಪ್ಪು ಮಾಡಿದೆನೇನೋ ಎಂದು ಈಗ ಅನ್ನಿಸುತ್ತಿದೆ. ಅದು ಕಿರುಗುಟ್ಟಿದಾಗಲೇ ನಮಗೆ ಅತ್ತೆ ಪೂರ್ತಿ ಹೋದರೆಂದು ತಿಳಿಯುತ್ತಿದ್ದದ್ದು. ಇನ್ನು ತಿಳಿಯುವುದಿಲ್ಲ. ತಿಳಿಯದಿದ್ದರೆ ಏನಂತೆ, ಗೇಟಿನವರೆಗೆ ನಾನೇ ಹೋಗಿ ನಿಲ್ಲುತ್ತೇನೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಹಳೆಯ ಲ್ಯಾಪ್‌ಟಾಪಿನ ಒಳಗೆ ನಿನ್ನೆಯ ನೆನಪಿನಲ್ಲಿ ಏಳಲಾರದೆ ಕೂತ ಭಾಗ ಯಾವುದು? ಪರದೆಯದೋ, ಡಿಸ್ಕಿನದೋ, ವೈಫೈಯದೋ? ಗುರುತು ತೆಗೆದು ಬಚಾವಾದೆ, ಕಾರಣ ಕಂಡುಹಿಡಿಯಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದು ಗೊತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಲೂಸ್ ಕನೆಕ್ಷನ್ ಎಂದು ಮಾತ್ರ ಬರೆಯಬೇಡಿ. ಮಾವನಿಗೆ ತೋರಿಸಬೇಕಾಗುತ್ತದೆ.

ಬತ್ತೀನಿ.